ಕಾಗದದ ನಕ್ಷತ್ರಗಳು

ನಮ್ಮ ಮನೆಗಳಲ್ಲಿ ಅತಿಥಿಗಳಿಗೆ ತಾಂಬೂಲ ಕೊಡುವ ಬಗೆ ಎರಡು. ಎಲೆ, ಅಡಿಕೆ, ಸುಣ್ಣಗಳನ್ನು ತಟ್ಟೆಯಲ್ಲಿಟ್ಟು ಮುಂದಕ್ಕೆ ಸರಿಸುವುದು ಒಂದು. ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ, ಲವಂಗ ಚುಚ್ಚಿ ಕೈಗೆ ಕೊಡುವುದು ಇನ್ನೊಂದು. ಪದಾರ್ಥಗಳು ಎರಡರಲ್ಲಿಯೂ ಹೆಚ್ಚುಕಡಿಮೆ ಅವೇ, ಬೆಲೆಯೂ ಅಷ್ಟೇ. ಆದರೂ ಎರಡನೆಯದನ್ನು ಸ್ವೀಕರಿಸಿದವರಿಗೆ, ತಮಗಾಗಿ ಒಬ್ಬರು ಒಂದು ಗಳಿಗೆ ಕುಳಿತರೆಂಬ ಅರಿವು ಉಂಟಾಗುತ್ತದೆ. ಕೈಯಾರೆ ಮಾಡಿದ ಉಡುಗೊರೆಯ ಸ್ವಾರಸ್ಯವೆಲ್ಲ ಈ ಮಡಿಸಿದ ಎಲೆಯಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಈ ದಿನ ನಾವು ಹೇಳಬೇಕೆಂದಿರುವುದು ಎಲೆಯ ವಿಷಯವನ್ನಲ್ಲ, ಹಾಳೆಯ ವಿಷಯವನ್ನು. ಕಾಗದವು ನಮ್ಮ ಪಟ್ಟಣಗಳಲ್ಲಿ ಎಲ್ಲಕ್ಕಿಂತ ಅಗ್ಗವಾದ ವಸ್ತು. ಅಂಗಡಿಯವನು ಅದನ್ನು ಪೊಟ್ಟಣ ಕಟ್ಟುತ್ತಾನೆ. ಮಕ್ಕಳು ಮಳೆಯ ನೀರಿನಲ್ಲಿ ದೋಣಿ ಮಾಡಿ ಬಿಡುತ್ತಾರೆ. ಉಳಿದದ್ದು ಕಸದ ಬುಟ್ಟಿಗೆ ಹೋಗುತ್ತದೆ. ಇಂಥ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ, ಅಂಟಿಲ್ಲದೆ, ದಾರವಿಲ್ಲದೆ, ಬರಿಯ ಮಡಿಕೆಯ ಬಲದಿಂದಲೇ ನಕ್ಷತ್ರವನ್ನಾಗಿ ಮಾಡಿ ಸ್ನೇಹಿತರಿಗೂ ಬಂಧುಗಳಿಗೂ ಕೊಡುವ ಪದ್ಧತಿ ಹಲವು ದೇಶಗಳಲ್ಲಿ ಉಂಟು. ಅವುಗಳಲ್ಲಿ ಎರಡನ್ನು ಆರಿಸಿಕೊಳ್ಳೋಣ: ಒಂದೇ ಪಟ್ಟಿಯಿಂದಾಗುವ ಐದು ಮೂಲೆಯ ಪುಟ್ಟ ನಕ್ಷತ್ರ, ಮತ್ತು ನಾಲ್ಕು ಪಟ್ಟಿಗಳನ್ನು ಹೆಣೆದು ಮಾಡುವ ಹದಿನಾರು ಮೊನೆಯ ನಕ್ಷತ್ರ. ಮೊದಲನೆಯದು ಕಿವಿಯಿಂದ ಕೇಳಿ ಕಲಿಯಬಹುದಾದಷ್ಟು ಸುಲಭ. ಎರಡನೆಯದರ ಹಿಂದೆ ಒಂದು ದೊಡ್ಡ ಕಥೆಯಿದೆ.

ಮೊದಲನೆಯದನ್ನು ನೋಡೋಣ. ಅರ್ಧ ಅಂಗುಲ ಅಗಲ, ಹನ್ನೆರಡು ಅಂಗುಲ ಉದ್ದದ ಒಂದು ಪಟ್ಟಿ ಸಾಕು. ಅಗಲವು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒಂದೇ ಸಮನಾಗಿರಬೇಕು. ಎಲ್ಲವೂ ಇದರ ಮೇಲೆಯೇ ನಿಂತಿದೆ. ಪಟ್ಟಿಯ ಒಂದು ಕೊನೆಯ ಬಳಿ, ದಾರಕ್ಕೆ ಹಾಕುವಂತೆಯೇ, ಸಾಮಾನ್ಯವಾದ ಒಂದು ಗಂಟನ್ನು ಹಾಕಬೇಕು: ಕುಣಿಕೆ ಮಾಡಿ ಗಿಡ್ಡ ತುದಿಯನ್ನು ಅದರೊಳಗೆ ತೂರಿಸುವುದು, ಅಷ್ಟೆ. ಆದರೆ ದಾರದ ಗಂಟಿನಂತೆ ಒಮ್ಮೆಗೇ ಜಗ್ಗಬಾರದು. ಎರಡು ಕಡೆಯಿಂದಲೂ ಮೆಲ್ಲಮೆಲ್ಲಗೆ ಎಳೆಯುತ್ತ, ಸುಕ್ಕಾಗದಂತೆ ನೋಡಿಕೊಳ್ಳುತ್ತ, ಗಂಟು ಬಿಗಿಯಾದೊಡನೆ ಬೆರಳಿನಿಂದ ಒತ್ತಿ ಚಪ್ಪಟೆ ಮಾಡಬೇಕು. ಆಗ ಅಂಗೈಯಲ್ಲಿ ಐದು ಬಾಹುಗಳೂ ಐದು ಕೋನಗಳೂ ಸಮನಾದ ಪಂಚಭುಜವೊಂದು ತಾನಾಗಿಯೇ ಮೂಡಿರುತ್ತದೆ.

ಗಿಡ್ಡ ತುದಿ ಹೊರಗೆ ಉಳಿದಿದ್ದರೆ ಅದನ್ನು ಪಂಚಭುಜದ ಮೇಲಕ್ಕೆ ಮಡಿಸಿ ಮರೆಮಾಡಬೇಕು. ಅನಂತರ ಉದ್ದನೆಯ ಭಾಗವನ್ನು, ಅದು ಯಾವ ಬಾಹುವಿನಿಂದ ಹೊರಟಿದೆಯೋ ಆ ಬಾಹುವಿನ ಗೆರೆಗೆ ಸರಿಯಾಗಿ ಮಡಿಸಿದರೆ, ಅದು ಪಂಚಭುಜವನ್ನು ದಾಟಿ ಮತ್ತೊಂದು ಬಾಹುವಿನಲ್ಲಿ ಹೊರಬರುತ್ತದೆ. ಅಲ್ಲಿ ತಿರುಗಿ ಮಡಿಕೆ. ಹೀಗೆ ಸುತ್ತುತ್ತ ಹೋದಂತೆ ಪ್ರತಿ ಬಾಹುವಿಗೂ ಎರಡು ಮೂರು ಸಾರಿ ಮಡಿಕೆ ಬೀಳುತ್ತದೆ. ಪಟ್ಟಿಯನ್ನು ಎಲ್ಲಿಗೆ ಕೊಂಡೊಯ್ಯಬೇಕೆಂಬ ಚಿಂತೆ ನಮಗೆ ಬೇಡ. ದಾರಿಯನ್ನು ಪಟ್ಟಿಯೇ ತೋರಿಸುತ್ತದೆ. ಆದರೆ ಬಲವಾಗಿ ಬಿಗಿಯಬಾರದು. ಕೊನೆಗೆ ಉಳಿದ ತುದಿಯನ್ನು ಹತ್ತಿರದ ಪದರದ ಕೆಳಗೆ ಸಿಕ್ಕಿಸಿಬಿಟ್ಟರೆ ದಪ್ಪನೆಯ ಒಂದು ಪಂಚಭುಜದ ಬಿಲ್ಲೆ ಸಿದ್ಧವಾಯಿತು. ಈಗ ಅದನ್ನು ಅಂಚುಗಳಲ್ಲಿ ಹಗುರವಾಗಿ ಹಿಡಿದು, ಪ್ರತಿಯೊಂದು ಬಾಹುವಿನ ನಟ್ಟನಡುವೆ ಹೆಬ್ಬೆರಳಿನ ಉಗುರಿನಿಂದ ಒಳಕ್ಕೆ ಒತ್ತಬೇಕು. ಐದು ಕಡೆ ಒತ್ತುವುದರೊಳಗೆ ಬಿಲ್ಲೆಯು ಉಬ್ಬಿ, ಐದು ಮೂಲೆಗಳು ಚಾಚಿಕೊಂಡು, ಗುಂಡುಗುಂಡಾದ ಪುಟ್ಟ ನಕ್ಷತ್ರವಾಗುತ್ತದೆ.

ಅಳತೆಗೋಲಿಲ್ಲದೆ, ಕೈವಾರವಿಲ್ಲದೆ ಬರಿಯ ಗಂಟಿನಿಂದ ಸಮಪಂಚಭುಜ ಹೇಗೆ ಬಂದಿತೆಂದು ಕೇಳುವುದು ಸಹಜ. ಸಮಪಂಚಭುಜದಲ್ಲಿ ಪ್ರತಿಯೊಂದು ಬಾಹುವಿಗೂ ಸಮಾನಾಂತರವಾಗಿ ಒಂದು ಕರ್ಣವಿರುತ್ತದೆ. ಬಾಹುವಿಗೂ ಅದರ ಜೊತೆಯ ಕರ್ಣಕ್ಕೂ ಇರುವ ದೂರ ಐದು ಜೊತೆಗಳಲ್ಲಿಯೂ ಒಂದೇ. ಆದುದರಿಂದ ಒಂದೇ ಅಗಲದ ಪಟ್ಟಿಯು ತನ್ನ ಒಂದು ಅಂಚನ್ನು ಬಾಹುವಿನ ಮೇಲೂ ಇನ್ನೊಂದು ಅಂಚನ್ನು ಕರ್ಣದ ಮೇಲೂ ಇಟ್ಟುಕೊಂಡು ಐದು ಕಡೆಗಳಲ್ಲಿಯೂ ಸರಿಯಾಗಿ ಹೊಂದಿಕೊಳ್ಳುತ್ತದೆ. ತೆಳುಕಾಗದದ ಗಂಟನ್ನು ಹಾಕಿ, ಒಂದು ತುದಿಯನ್ನು ಮೇಲೆ ಮಡಿಸಿ ಬೆಳಕಿಗೆ ಹಿಡಿದರೆ, ಐದು ಕರ್ಣಗಳು ಸೇರಿ ಪಂಚಭುಜದೊಳಗೆ ಐದು ಮೊನೆಯ ನಕ್ಷತ್ರವನ್ನು ಬರೆದಿರುವುದು ಕಾಣುತ್ತದೆ. ಅಲ್ಲಿನ ಕರ್ಣಕ್ಕೂ ಬಾಹುವಿಗೂ ಇರುವ ಪ್ರಮಾಣ ಸುಮಾರು 1.618, ಗ್ರೀಕರ ಕಾಲದಿಂದಲೂ ಗಣಿತಜ್ಞರ ಮನಸ್ಸನ್ನು ಸೆಳೆದ ಸಂಖ್ಯೆಯಿದು. ಪಟ್ಟಿಯ ಗಂಟಿನಿಂದ ಪಂಚಭುಜವಾಗುವ ಈ ಸಂಗತಿಯನ್ನು ಇಟಲಿಯ ಉರ್ಬಾನೋ ದವೀಸೋ ಎಂಬಾತನು 1682ರಲ್ಲಿಯೇ ವರ್ಣಿಸಿದ್ದಾನೆ.

ಜಪಾನ್, ಚೀನ, ಕೊರಿಯ ದೇಶಗಳ ಹುಡುಗ ಹುಡುಗಿಯರು ಇಂಥ ನಕ್ಷತ್ರಗಳನ್ನು ಬಣ್ಣಬಣ್ಣದ ಕಾಗದದಿಂದ ಮಾಡಿ, ಗಾಜಿನ ಭರಣಿಯಲ್ಲಿ ತುಂಬಿ, ಆಪ್ತರಾದವರಿಗೆ ಕೊಡುವುದುಂಟು. ಒಂದೊಂದು ನಕ್ಷತ್ರವೂ ಒಂದೊಂದು ಹಾರೈಕೆಯೆಂದು ಭಾವನೆ. ಜಪಾನಿನಲ್ಲಂತೂ ಕಾಗದದ ಮಡಿಕೆಗೂ ಉಡುಗೊರೆಗೂ ಇರುವ ನಂಟು ಬಹಳ ಹಳೆಯದು. ಅಲ್ಲಿ ಶುಭಸಮಯದ ಉಡುಗೊರೆಗೆ ‘ನೊಶಿ’ ಎಂಬ ಮಡಿಸಿದ ಕಾಗದವೊಂದನ್ನು ಸೇರಿಸಿ ಕೊಡುವುದು ಸಂಪ್ರದಾಯ. ಯಾವ ವಸ್ತುವನ್ನು ಹೇಗೆ ಮಡಿಸಿ ಸುತ್ತಬೇಕೆಂಬುದಕ್ಕೆ ಸಾಮುರಾಯಿಗಳ ಮನೆತನಗಳಲ್ಲಿ ಕಟ್ಟಳೆಗಳೇ ಇದ್ದವು. ಕೊಕ್ಕರೆಗಳನ್ನು ಮಡಿಸುವ ವಿಧಾನಗಳನ್ನು ಹೇಳುವ ಪುಸ್ತಕವೊಂದು 1797ರಲ್ಲಿಯೇ ಅಲ್ಲಿ ಅಚ್ಚಾಯಿತು. ಮಡಿಕೆಯು ಅವರಿಗೆ ಮಕ್ಕಳಾಟ ಮಾತ್ರವಲ್ಲ, ಮರ್ಯಾದೆಯ ಭಾಷೆಯೂ ಹೌದು.

ಇನ್ನು ಎರಡನೆಯ ನಕ್ಷತ್ರ. ಇದು ಯೂರೋಪಿನದು. ಜರ್ಮನಿಯಲ್ಲಿಯೂ ಡೆನ್ಮಾರ್ಕ್ ಮೊದಲಾದ ಉತ್ತರದ ದೇಶಗಳಲ್ಲಿಯೂ ಕ್ರಿಸ್‌ಮಸ್ಸಿನ ಕಾಲದಲ್ಲಿ ಮನೆಮಂದಿಯೆಲ್ಲ ಕುಳಿತು ಇದನ್ನು ಮಾಡಿ, ಹಸುರು ಮರದ ಕೊಂಬೆಗಳಿಗೆ ತೂಗುಹಾಕುತ್ತಾರೆ. ಉಡುಗೊರೆಯ ಕಟ್ಟಿನ ಮೇಲೆ ಇಡುತ್ತಾರೆ. ಜರ್ಮನರು ಇದಕ್ಕೆ ಫ್ರೋಬೆಲ್ ನಕ್ಷತ್ರವೆಂದು ಹೆಸರಿಟ್ಟಿದ್ದಾರೆ. ಈ ನಕ್ಷತ್ರವನ್ನು ಫ್ರೋಬೆಲನೇ ಕಂಡುಹಿಡಿದನೆಂದು ಹೇಳುವುದಕ್ಕೆ ಆಧಾರವಿಲ್ಲ; ಕಾಗದದ ಮಡಿಕೆಯನ್ನು ಶಾಲೆಯೊಳಕ್ಕೆ ತಂದ ಮಹನೀಯನಿಗೆ ಜನರು ಸಲ್ಲಿಸಿದ ಗೌರವವಿದು.

ಫ್ರೀಡ್ರಿಕ್ ಫ್ರೋಬೆಲನು 1782ರಲ್ಲಿ ಜರ್ಮನಿಯ ತುರಿಂಗಿಯ ಪ್ರಾಂತದ ಒಂದು ಹಳ್ಳಿಯಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದನು. ವರ್ಷ ತುಂಬುವುದರೊಳಗೆ ತಾಯಿಯನ್ನು ಕಳೆದುಕೊಂಡನು. ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲೊಟ್ಸಿಯೆಂಬ ಪ್ರಸಿದ್ಧ ಶಿಕ್ಷಣವೇತ್ತನ ಬಳಿ ಇದ್ದು ಬೋಧನೆಯ ಮರ್ಮವನ್ನು ಕಲಿತನು. ಬರ್ಲಿನ್ನಿನಲ್ಲಿ ಖನಿಜಗಳ ಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತ ಹರಳುಗಳ ಆಕಾರಗಳನ್ನು ಅಭ್ಯಾಸ ಮಾಡಿದನು. ಒಂದು ಕಲ್ಲಿನ ಹರಳು ಒಳಗಿನ ನಿಯಮಕ್ಕನುಸಾರವಾಗಿ ಬೆಳೆಯುವಂತೆಯೇ ಮಗುವಿನ ಮನಸ್ಸೂ ತನ್ನದೇ ನಿಯಮದಿಂದ ಅರಳಬೇಕೆಂಬುದು ಅವನ ನಂಬಿಕೆ. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಈಗ ಲೋಕವೆಲ್ಲ ಬಲ್ಲ ಹೆಸರದು.

ಈ ತೋಟದಲ್ಲಿ ಮಕ್ಕಳ ಕೈಗೆ ಕೊಡುತ್ತಿದ್ದ ಚೆಂಡು, ಘನ, ಉರುಳೆ, ಮರದ ತುಂಡು ಮೊದಲಾದ ಸಾಮಗ್ರಿಗಳನ್ನು ಅವನು ಪಾಠೋಪಕರಣಗಳೆಂದು ಕರೆಯಲಿಲ್ಲ. ‘ಉಡುಗೊರೆಗಳು’ ಎಂದು ಕರೆದನು. ಇವುಗಳ ಜೊತೆಗೆ ಕಾಗದವನ್ನು ಮಡಿಸುವುದು, ಕತ್ತರಿಸುವುದು, ಪಟ್ಟಿಗಳನ್ನು ಚಾಪೆಯಂತೆ ಹೆಣೆಯುವುದು ಮೊದಲಾದ ಕೈಗೆಲಸಗಳೂ ಇದ್ದವು. ಈ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಉಡುಗೊರೆಯೆಂದರೆ ಕೊಟ್ಟಲ್ಲಿಗೆ ಮುಗಿಯಿತು. ಪಡೆದವನು ಸಂತೋಷಪಟ್ಟರೆ ಸಾಕು. ಫ್ರೋಬೆಲನ ಉಡುಗೊರೆ ಹಾಗಲ್ಲ. ಪಡೆದ ಮಗು ಅದರಿಂದ ಏನನ್ನಾದರೂ ಮಾಡಿದಾಗಲೇ ಅದು ಪೂರ್ತಿಯಾಗುವುದು. ಕೊಟ್ಟವರ ಕೈಯಷ್ಟೇ ಪಡೆದವರ ಕೈಗೂ ಅದರಲ್ಲಿ ಕೆಲಸವುಂಟು.

ಇಷ್ಟು ನಿರಪಾಯವಾದ ಕೆಲಸಕ್ಕೂ ವಿಪತ್ತು ತಪ್ಪಲಿಲ್ಲ. 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರ್ಕಾರವು ತನ್ನ ರಾಜ್ಯದಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಅವು ಮಕ್ಕಳಿಗೆ ನಾಸ್ತಿಕತೆಯನ್ನೂ ಸಮಾಜವಾದವನ್ನೂ ಕಲಿಸುತ್ತವೆಂಬುದು ಆಪಾದನೆ. ಫ್ರೋಬೆಲನ ಅಣ್ಣನ ಮಗನಾದ ಕಾರ್ಲ್ ಫ್ರೋಬೆಲನ ಬರಹಗಳನ್ನು ಸರ್ಕಾರವು ಈತನ ತಲೆಗೆ ಕಟ್ಟಿತೆಂದು ಹೇಳುತ್ತಾರೆ. ವೃದ್ಧನು ಎಷ್ಟು ವಿವರಿಸಿ ಬರೆದರೂ ಪ್ರಯೋಜನವಾಗಲಿಲ್ಲ. ಮರುವರ್ಷ, 1852ರ ಜೂನ್ ತಿಂಗಳಿನಲ್ಲಿ, ನಿಷೇಧವು ಜಾರಿಯಲ್ಲಿರುವಾಗಲೇ ಅವನು ತೀರಿಕೊಂಡನು. ನಿಷೇಧವು ತೆರವಾದದ್ದು 1860ರಲ್ಲಿ.

ಆದರೆ ಅಷ್ಟರೊಳಗೆ ಅವನ ಶಿಷ್ಯೆಯರು ದೇಶಾಂತರಗಳಿಗೆ ಹೋಗಿದ್ದರು. ಲಂಡನ್ನಿನಲ್ಲಿ 1851ರಲ್ಲಿಯೇ ಒಂದು ಮಕ್ಕಳ ತೋಟ ಹುಟ್ಟಿತ್ತು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ 1856ರಲ್ಲಿ ಮಾರ್ಗರೇಟ ಷುರ್ಟ್ಸ್ ಎಂಬಾಕೆ ಇನ್ನೊಂದನ್ನು ತೆರೆದಿದ್ದಳು. 1876ರಲ್ಲಿ ಟೋಕಿಯೋ ನಗರದ ಸ್ತ್ರೀಯರ ನಾರ್ಮಲ್ ಶಾಲೆಗೆ ಸೇರಿದಂತೆ ಕಿಂಡರ್‌ಗಾರ್ಟನ್ ಆರಂಭವಾದಾಗ ಅಲ್ಲಿ ಮುಖ್ಯ ಶಿಕ್ಷಕಿಯಾದವಳು ಜರ್ಮನಿಯಲ್ಲಿ ಹುಟ್ಟಿದ ಕ್ಲಾರಾ ಮಾತ್ಸುನೋ. ಹೀಗೆ ಯೂರೋಪಿನ ಮಡಿಕೆಯೂ ಜಪಾನಿನ ಮಡಿಕೆಯೂ ಒಂದೇ ಶಾಲೆಯ ಹಲಗೆಯ ಮೇಲೆ ಸಂಧಿಸಿದವು. ಶಾಲೆಯ ಬಾಗಿಲನ್ನು ಮುಚ್ಚಿಸುವುದು ಸರ್ಕಾರಕ್ಕೆ ಸಾಧ್ಯವಾಯಿತು; ಕಲಿತ ಬೆರಳುಗಳಿಂದ ಮಡಿಕೆಯನ್ನು ಕಸಿದುಕೊಳ್ಳುವುದು ಸಾಧ್ಯವಾಗಲಿಲ್ಲ.

ನಮ್ಮ ನಾಡಿನ ಪಕ್ಕದಲ್ಲಿಯೇ ಈ ಬಳ್ಳಿಯ ಒಂದು ಕುಡಿ ಹೂಬಿಟ್ಟಿತೆಂಬುದು ಅಭಿಮಾನಪಡತಕ್ಕ ಸಂಗತಿ. ಟಿ. ಸುಂದರ ರಾವ್ ಎಂಬವರು 1893ರಲ್ಲಿ ಮದರಾಸಿನಲ್ಲಿ, ಕಾಗದ ಮಡಿಸುವುದರ ಮೂಲಕ ರೇಖಾಗಣಿತವನ್ನು ಅಭ್ಯಾಸ ಮಾಡುವ ಕ್ರಮವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದನ್ನು ಬರೆಯುವ ಯೋಚನೆ ತಮಗೆ ಹೊಳೆದದ್ದು ಕಿಂಡರ್‌ಗಾರ್ಟನ್ನಿನ ಎಂಟನೆಯ ಉಡುಗೊರೆಯಿಂದ, ಎಂದರೆ ಬಣ್ಣದ ಚೌಕದ ಹಾಳೆಗಳಿಂದ, ಎಂದು ಅವರೇ ಮುನ್ನುಡಿಯಲ್ಲಿ ತಿಳಿಸಿದ್ದಾರೆ. ಒಂದು ಚಾಕು, ಕೆಲವು ಕಾಗದದ ಚೂರು, ಇವಿಷ್ಟರಿಂದಲೇ ಪಂಚಭುಜ, ಷಡ್ಭುಜ ಮೊದಲಾದ ಆಕೃತಿಗಳನ್ನು ಸಾಧಿಸಿ ತೋರಿಸಿದ ಗ್ರಂಥವದು. ಜರ್ಮನಿಯ ಮಹಾಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತನ್ನ ಉಪನ್ಯಾಸಗಳಲ್ಲಿ ಉಲ್ಲೇಖಿಸಿದನು; 1901ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಅದು ಮರುಮುದ್ರಣವಾಯಿತು. ಮಕ್ಕಳಿಗೆಂದು ಜರ್ಮನಿಯಿಂದ ಹೊರಟ ಉಡುಗೊರೆಯು ಮದರಾಸಿನಲ್ಲಿ ಪ್ರೌಢರ ಗಣಿತವಾಗಿ ಬೆಳೆದು ಜರ್ಮನಿಗೇ ಹಿಂದಿರುಗಿತು.

ಫ್ರೋಬೆಲ್ ನಕ್ಷತ್ರದ ಕಟ್ಟಡವನ್ನು ಸ್ಥೂಲವಾಗಿ ಹೇಳುತ್ತೇವೆ. ಅಗಲಕ್ಕಿಂತ ಸುಮಾರು ಮೂವತ್ತರಷ್ಟು ಉದ್ದವಿರುವ ನಾಲ್ಕು ಪಟ್ಟಿಗಳು ಬೇಕು. ಪ್ರತಿಯೊಂದನ್ನೂ ಉದ್ದದಲ್ಲಿ ಅರ್ಧಕ್ಕೆ ಮಡಿಸಿ ತುದಿಗಳನ್ನು ಓರೆಯಾಗಿ ಕತ್ತರಿಸಬೇಕು. ಜೋಡಿಯಾದ ಈ ಪಟ್ಟಿಗಳಲ್ಲಿ ಒಂದರ ಮಡಿಕೆಯೊಳಗೆ ಇನ್ನೊಂದು, ಅದರ ಮಡಿಕೆಯೊಳಗೆ ಮತ್ತೊಂದು, ಕಡೆಯದರ ತುದಿಯು ಮೊದಲನೆಯದರ ಮಡಿಕೆಯೊಳಗೆ ಹೋಗುವಂತೆ ಹೆಣೆದು ಬಿಗಿದರೆ, ನಡುವೆ ಚಾಪೆಯಂಥ ಚೌಕವೂ ಸುತ್ತಲೂ ಎಂಟು ತುದಿಗಳೂ ಆಗುತ್ತವೆ. ಮೇಲುಪದರದ ನಾಲ್ಕು ತುದಿಗಳನ್ನು ಸರದಿಯಂತೆ ಹಿಂದಕ್ಕೆ ಮಡಿಸಿ ಹೆಣೆದು ಚೌಕವನ್ನು ಭದ್ರಮಾಡಬೇಕು. ಬಳಿಕ ಒಂದೊಂದು ತುದಿಯನ್ನೂ ಮುಮ್ಮೂಲೆಯಾಗಿ ಮಡಿಸಿ ಪಕ್ಕದ ಸಂದಿನಲ್ಲಿ ತೂರಿಸಿದರೆ ಈ ಮಗ್ಗುಲಿಗೆ ನಾಲ್ಕು, ಮಗುಚಿದರೆ ಆ ಮಗ್ಗುಲಿಗೆ ನಾಲ್ಕು, ಒಟ್ಟು ಎಂಟು ಚಪ್ಪಟೆಯ ಮೊನೆಗಳು. ಕಡೆಗೆ ಅವೇ ತುದಿಗಳನ್ನು ಸುರುಳಿ ತಿರುಗಿಸಿ, ಚೌಕದ ಹೆಣಿಗೆಯೊಳಗೆ ನುಸುಳಿಸಿ ಎಳೆದರೆ, ಶಂಕುವಿನಂತೆ ಎದ್ದು ನಿಲ್ಲುವ ಮತ್ತೆಂಟು ಮೊನೆಗಳು. ಹೆಚ್ಚಾಗಿ ಹೊರಚಾಚಿದ ಕಾಗದವನ್ನು ಕತ್ತರಿಸಿದಲ್ಲಿಗೆ ಹದಿನಾರು ಮೊನೆಯ ನಕ್ಷತ್ರ ಮುಗಿಯಿತು. ಈ ಕಡೆಯ ಭಾಗ ಮಾತಿಗೆ ಸುಲಭವಾಗಿ ಸಿಕ್ಕುವಂಥದಲ್ಲ. ಬಲ್ಲವರ ಪಕ್ಕದಲ್ಲಿ ಕುಳಿತು ಅವರ ಬೆರಳನ್ನು ನೋಡುತ್ತ ಕಲಿಯುವುದೇ ಮೇಲು. ಯೂರೋಪಿನ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಕ್ಕಳಿಗೆ ಅದು ಬಂದಿರುವುದೂ ಹಾಗೆಯೇ.

ಹಾಗಾದರೆ ಇಂಥ ನಕ್ಷತ್ರವನ್ನು ಉಡುಗೊರೆಯಾಗಿ ಕೊಡುವಾಗ ಗಮನಿಸಬೇಕಾದುದೇನು? ಮೊದಲನೆಯದು ಕಾಗದ. ಬಹಳ ತೆಳುವಾದದ್ದು ಗಂಟಿನಲ್ಲಿ ಹರಿಯುತ್ತದೆ; ಬಹಳ ದಪ್ಪವಾದದ್ದು ಮಡಿಕೆಯಲ್ಲಿ ಬಿರಿಯುತ್ತದೆ. ಒಂದು ಮೂಲೆಯನ್ನು ಮಡಿಸಿ ಉಗುರಿನಿಂದ ತೀಡಿದಾಗ ಬಿಳಿಯ ಬಿರುಕು ಕಂಡರೆ ಆ ಕಾಗದ ಬೇಡ. ಪತ್ರ ಬರೆಯುವ ಸಾಧಾರಣ ಕಾಗದ ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಅಂಗಡಿಯ ಮಿರುಗುವ ಕಾಗದಕ್ಕಿಂತ, ಪಡೆಯುವವರಿಗೆ ಸಂಬಂಧಪಟ್ಟ ಕಾಗದವೇ ಲೇಸು. ಸಂಗೀತ ಬಲ್ಲವರಿಗೆ ಸ್ವರಲಿಪಿ ಅಚ್ಚಾದ ಹಳೆಯ ಹಾಳೆ, ಪ್ರವಾಸಪ್ರಿಯರಿಗೆ ಹರಿದುಹೋದ ಭೂಪಟದ ಚೂರು, ದೂರದ ಊರಿಗೆ ಮದುವೆಯಾಗಿ ಹೋದ ಮಗಳಿಗೆ ತವರೂರಿನ ಪತ್ರಿಕೆಯ ಹಾಳೆ; ಪತ್ರಿಕೆಯ ಕಾಗದವಾದರೆ ಪಟ್ಟಿಯನ್ನು ತುಸು ಅಗಲವಾಗಿಯೇ ಕತ್ತರಿಸಬೇಕು. ಹೀಗೆ ಆರಿಸುವಾಗಲೇ ಆ ವ್ಯಕ್ತಿಯನ್ನು ಕುರಿತು ಯೋಚಿಸಿದ್ದಾಯಿತು. ಉಡುಗೊರೆಯ ಅರ್ಧ ಕೆಲಸ ಅಲ್ಲಿಯೇ ಮುಗಿದಂತೆ.

ಎರಡನೆಯದು ಕಾಲ. ಪಳಗಿದ ಕೈಗೆ ಒಂದು ಪುಟ್ಟ ನಕ್ಷತ್ರಕ್ಕೆ ಮೂರು ನಿಮಿಷ ಹಿಡಿಯುತ್ತದೆಂದು ಇಟ್ಟುಕೊಂಡರೂ, 100 ನಕ್ಷತ್ರಗಳ ಭರಣಿಗೆ 300 ನಿಮಿಷ, ಎಂದರೆ ಪೂರಾ ಐದು ಗಂಟೆಗಳಾದವು. ಕಾಗದದ ಖರ್ಚು ಕೆಲವು ಹಾಳೆಗಳದು ಮಾತ್ರ. ಹಣವುಳ್ಳವರು ಒಂದು ಚಿಟಿಕೆಯಲ್ಲಿ ಬೆಲೆಬಾಳುವ ವಸ್ತುವನ್ನು ಕೊಂಡು ಕಳುಹಿಸಬಲ್ಲರು. ಅದರಲ್ಲಿ ಅಗೌರವವೇನೂ ಇಲ್ಲ. ಆದರೆ ಬಡವನಿಗೂ ಶ್ರೀಮಂತನಿಗೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ. ಅದರಲ್ಲಿ ಐದನ್ನು ಇನ್ನೊಬ್ಬರ ನೆನಪಿನಲ್ಲಿ ಕಳೆದೆವೆಂಬುದನ್ನು ಆ ಭರಣಿಯು ಬಾಯಿಬಿಡದೆ ಹೇಳುತ್ತದೆ. ಕಾಯಿಲೆಯಲ್ಲಿ ಮಲಗಿರುವವರ ಕಿಟಕಿಗೆ ದಾರದಲ್ಲಿ ಪೋಣಿಸಿದ ಹತ್ತು ನಕ್ಷತ್ರಗಳನ್ನು ಕಟ್ಟಿ ಬಂದರೆ, ‘ಬೇಗ ಗುಣವಾಗಲಿ’ ಎಂಬ ಮಾತು ನಾವು ಎದ್ದು ಬಂದ ಮೇಲೂ ಅಲ್ಲಿ ಉಳಿದಿರುತ್ತದೆ.

ಮೂರನೆಯದು ಗುಟ್ಟು. ಪಟ್ಟಿಯ ಒಳಮೈಯಲ್ಲಿ ಒಂದು ಸಾಲನ್ನು ಬರೆದು ಮಡಿಸಿಬಿಟ್ಟರೆ ಅದು ನಕ್ಷತ್ರದ ಹೊಟ್ಟೆಯೊಳಗೆ ಅಡಗಿಹೋಗುತ್ತದೆ. ಪಡೆದವರು ಬಿಚ್ಚಿ ಓದಬಹುದು, ಬಿಚ್ಚದೆಯೂ ಇರಬಹುದು. ಮುಖಾಮುಖಿಯಾಗಿ ಹೇಳುವುದಕ್ಕೆ ಸಂಕೋಚವಾಗುವ ಕೃತಜ್ಞತೆಗೂ, ತಡವಾಗಿ ಕೇಳುವ ಕ್ಷಮೆಗೂ ಇಂಥ ಒಂದು ಮರೆ ಬಹಳ ಅನುಕೂಲ.

ಕಾಗದದ ನಕ್ಷತ್ರಗಳು ಅಗಲಿಕೆಯ ನಡುವೆ ಬೆಳಗಿದ ಇನ್ನೊಂದು ಉದಾಹರಣೆ ಉಂಟು. ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಪಂಥದವರ ವಿದ್ಯಾರ್ಥಿನಿಲಯವಿತ್ತು. ಅಲ್ಲಿನ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ಧರ್ಮಪ್ರಚಾರಕ್ಕಾಗಿ ಸಮುದ್ರದಾಚೆಯ ದೇಶಗಳಲ್ಲಿದ್ದರು. 19ನೆಯ ಶತಮಾನದ ಪೂರ್ವಾರ್ಧದಲ್ಲಿ, ರೇಖಾಗಣಿತದ ಪಾಠವೇ ನೆಪವಾಗಿ, ಅಲ್ಲಿ ಕಾಗದದ ದೊಡ್ಡ ನಕ್ಷತ್ರಗಳನ್ನು ಮಾಡಿ ದೀಪವಿಡುವ ವಾಡಿಕೆ ಹುಟ್ಟಿತು. ಮುಂದೆ 1897ರಲ್ಲಿ ಹೆರ್ನ್‌ಹುಟ್ ಎಂಬ ಊರಿನಲ್ಲಿ ಪೀಟರ್ ವರ್ಬೀಕ್ ಎಂಬಾತನು ಅವುಗಳನ್ನು ಮಾರಾಟಕ್ಕಾಗಿ ತಯಾರಿಸತೊಡಗಿದನು. ದೀಪಾವಳಿಯಲ್ಲಿ ಬಿದಿರುಕಡ್ಡಿಗೆ ಬಣ್ಣದ ಕಾಗದ ಹಚ್ಚಿ ಗೂಡುದೀಪ ಕಟ್ಟುವ ನಮ್ಮ ಕರಾವಳಿಯವರಿಗೆ, ದೀಪದ ಮುಂದೆ ಕಾಗದವು ಎಷ್ಟು ಸೊಗಸಾಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದೂರದಲ್ಲಿರುವವರಿಗೆ ಕಳುಹಿಸುವ ಪಕ್ಷದಲ್ಲಿ ನಮ್ಮದೊಂದು ಸೂಚನೆ. ಉಬ್ಬಿಸಿದ ನಕ್ಷತ್ರವು ಅಂಚೆಯಲ್ಲಿ ಜಜ್ಜಿಹೋಗುತ್ತದೆ. ಆದುದರಿಂದ ಉಬ್ಬಿಸುವ ಮೊದಲಿನ ಚಪ್ಪಟೆ ಬಿಲ್ಲೆಗಳನ್ನೇ ಲಕೋಟೆಯಲ್ಲಿಟ್ಟು, ‘ಐದು ಬಾಹುಗಳ ನಡುವೆ ಉಗುರಿನಿಂದ ಒತ್ತುವುದು’ ಎಂದು ಒಂದು ಸಾಲು ಬರೆದು ಕಳುಹಿಸಬೇಕು. ಬಿಲ್ಲೆಯನ್ನು ನಕ್ಷತ್ರವಾಗಿಸುವ ಕೊನೆಯ ಕೆಲಸ ಪಡೆದವರ ಕೈಯಿಂದಲೇ ಆಗುತ್ತದೆ. ಅದರ ಜೊತೆಗೆ ಬರಿಯ ಪಟ್ಟಿಗಳನ್ನೂ ನಾಲ್ಕಾರು ಇಟ್ಟರೆ ಇನ್ನೂ ಒಳ್ಳೆಯದು. ವಿದ್ಯೆಯು ಕೊಟ್ಟಷ್ಟೂ ಹೆಚ್ಚುವುದೆಂದು ಹಿರಿಯರು ಹೇಳಿದ್ದಾರೆ. ಇದೂ ಒಂದು ಸಣ್ಣ ವಿದ್ಯೆಯೇ. ಲಕೋಟೆ ತಲಪಿದ ಮನೆಯಲ್ಲಿ ಒಂದು ಮಗುವಿದ್ದರೆ, ಅದು ಒಂದು ಬಿಲ್ಲೆಯನ್ನು ಬಿಚ್ಚಿ ಮಡಿಕೆಯ ಜಾಡನ್ನು ನೋಡಿ, ಬರಿಯ ಪಟ್ಟಿಯಲ್ಲಿ ಗಂಟು ಹಾಕುವುದಕ್ಕೆ ತೊಡಗುತ್ತದೆ. ಮೊದಲನೆಯದು ಸೊಟ್ಟಗಾದೀತು, ಎರಡನೆಯದು ಹರಿದೀತು. ನಾಲ್ಕನೆಯದನ್ನು ಅದು ತನ್ನ ಗೆಳೆಯನಿಗೆ ಕೊಡುವುದಕ್ಕೆ ಎತ್ತಿಟ್ಟುಕೊಳ್ಳುತ್ತದೆ.